ಚಂದ್ರ-ಚುಕ್ಕಿ ಗುರ್ತು

ಸ್ಟುಡಿಯೋ ಮುಚ್ಚಿದ ಈರಪ್ಪಣ್ಣ
ಆರು ಜಂಪರಿನ ಹೊಲಿಗಿ ಬಾಕಿಗೆ
ರೊಕ್ಕ ಇಲ್ಲಂತ ಕೊಟ್ಟುಹೋದ ಕ್ಯಾಮೆರಾ ಇದು.
ಬೆನ್ನಿಗೊಂದು ಸೀಳು,
ಬ್ಯಾಟರಿ ಬಾಗಿಲಿಗೆ ರಬ್ಬರ್ ಬ್ಯಾಂಡು.
ನೆತ್ತಿ ಮ್ಯಾಲ ಒಂದು ತಿರುಗಣಿ,
ಅದರ ಸುತ್ತ ಓದು ಬಾರದವರಿಗೂ ತಿಳಿಯೂ ಚಿತ್ರ:
ಗುಡ್ಡ, ಹೂವು, ಓಡೂ ಮನಷ್ಯಾ,
ಚಂದ್ರನ ಜೋಡಿ ಒಂದು ಚುಕ್ಕಿ.

ನಮ್ಮ ಓಣಿಯ ನದಾಫರ ಮಕ್ತುಮಣ್ಣ
ಚಿಗರಿ ಬಸ್ಸಿನ ಡ್ರೈವರ.
ಮಂಗಳವಾರ ಅವನ ಕಡೀ ಡ್ಯೂಟಿ.
"ಮೂವತ್ತೊಂದು ವರ್ಷ ಸ್ಟೇರಿಂಗ ಹಿಡದೆ ತಂಗಿ,
ಹಿಡದದ್ದು ಒಂದೂ ಫೋಟೋ ಇಲ್ಲ.
ಮದವಿ ಫೋಟೋದಾಗ ಕೈ ಕಟ್ಟಿ ಕುಂತೀನಿ,
ಲೈಸನ್ಸಿನ್ಯಾಗ ಕಳ್ಳನಂಗ ಕಾಣ್ತೀನಿ.
ಓಡಿಸೂ ಹೊತ್ತಿನ್ಯಾಗ ಒಂದು ತಗಿ.
ಲೈಟು ಎರಡು ಸಲ ಮಿಣಕಸ್ತೀನಿ, ಗುರ್ತು ಹಿಡಿ."

ಉಣಕಲ್ಲಿನ ಕಾಲುಸೇತುವಿ ಮ್ಯಾಲ ನಿಂತೆ.
ಕೆರಿ ಕಡೆಯಿಂದ ಗಾಳಿ,
ಸೆರಗು ಸೊಂಟಕ್ಕ ಸಿಗಿಸಿಕೊಂಡೆ.

ಧಾರವಾಡಕ್ಕ ಹೋಗೂವಾಗ ಓಡೂ ಮನಷ್ಯಾಗ ತಿರುವಿದೆ.
ಅವನ ಕಣ್ಣು ಪಟ್ಟನ ತೆರದು ಪಟ್ಟನ ಮುಚ್ಚತೈತಿ,
ಅಷ್ಟರಾಗ ಎಷ್ಟು ಬೆಳಕು ಬಂದೀತು?
ಬೊಗಸಿ ಸಂದಿನ್ಯಾಗ ಉಳಿದ ನೀರಿನಷ್ಟು.
ಬಸ್ಸಿಲ್ಲ, ರಸ್ತಾ ಇಲ್ಲ.
ಕತ್ತಲಿ ಮಾತ್ರ ಒಂದೀಟೂ ಅಲುಗದ
ಸ್ವಚ್ಛ ಬಂದಿತ್ತು.

ತಿರುಗಿ ಬರೂವಾಗ ಚಂದ್ರ-ಚುಕ್ಕಿ.
ಇದು ಪುರಸೊತ್ತಿನ ಕಣ್ಣು,
ತೆರೀತಂದ್ರ ಜಲ್ದಿ ಮುಚ್ಚೂದಿಲ್ಲ,
ಕೈ ನಡುಗಿದ್ದು, ಉಸಿರು ಬಿಟ್ಟದ್ದು
ಎಲ್ಲಾ ಬರಕೋತೈತಿ.
ಒಂದೊಂದು ದೀಪವೂ ಬಾಲ ಬಂದ ಹುಳ ಆಗಿ
ಹುಬ್ಬಳ್ಳಿಗೆ ಹುಬ್ಬಳ್ಳಿಯೇ ಜ್ವರ ಬಂದಂಗ ಕಾಣತಿತ್ತು.
ಮಿಷನ್ ತುಳಿದ ಮೈ, ಎಲ್ಲಿ ಸುಮ್ಮನಿರತೈತಿ?

ಮನಿಗೆ ಓಡಿಹೋಗಿ
ಒಂದು ಹಳೇ ತೋಳಿನ ಬಾಯಿ ಹೊಲದು
ಎರಡು ಸೇರು ಜ್ವಾಳ ತುಂಬಿ ತಂದೆ.
ಕಟಕಟಿ ಮ್ಯಾಲ ಜ್ವಾಳದ ಚೀಲ,
ಅದರಾಗ ತಗ್ಗು ಮಾಡಿ, ಕೂಸಿನಂಗ ಕ್ಯಾಮೆರಾ.
ಒತ್ತಿದ ಮ್ಯಾಲ ಎರಡೆಣಿಸಿ
ತಾನ ಕಣ್ಣು ತೆರಿಯೂವಂಗ ಮಾಡಿ
ಕೈ ಹಿಂದಕ್ಕ ತಗೊಂಡೆ.

ಕಡೀ ಟ್ರಿಪ್ಪು. ದೂರದಾಗ ಎರಡು ಸಲ ಮಿಣಕಿತು.
ಕಾಲ ಕೆಳಗ ಸೇತುವಿ ಗುಂಯ್ ಅಂತು,
ಆಚಿ ಕಡೆಯಿಂದ ಹೊಂಟಿತು.
ಒಂದು... ಎರಡು... ಮೂರು... ನಾಕು...
ಕಟಕ್.

ಮರುದಿವಸ ಮುಂಜಾನೆ ಅವನ ಕಟ್ಟಿ ಮ್ಯಾಲ
ತಪ್ಪು ಮಾಡಿದಾಕಿಯಂಗ ತೋರಿಸಿದೆ.
ಶೇಂಗಾ ಮಾರಾಕಿ ತೂಕಡಿಸಿದ್ದು ಬಂದಿತ್ತು,
ಬುಟ್ಟಿ ಸೈತ, ಬುಟ್ಟಿಯ ಹೆಣಿಗಿ ಸೈತ.
ರಸ್ತಾದಾಗ ಬಸ್ಸ ಇಲ್ಲ,
ಎರಡು ಕೆಂಪು ಗೆರಿ.
"ನೀ ಬಂದಿಲ್ಲಣ್ಣ" ಅಂದೆ.

ಚಾಳೀಸು ಏರಿಸಿದ. ದೂರ ಹಿಡದ, ಹತ್ತರ ಹಿಡದ.
ಚಾ ಆರಿತು.
"ಇದು ನನ್ನ ಗಾಡಿ ಹೋದ ಹಾದೀನ?"
ಹೌದಂದೆ.
"ಏನ ನೆಟ್ಟಗ ಹೋಗೀನಲೇ ಮಕ್ತುಮಾ!"
ಒಳಗಿದ್ದ ಹೆಂಡತಿಗೆ ಕೂಗಿದ,
ಹಾಲಿನವನಿಗೆ ತೋರಿಸಿದ.

ನಾನು ಹೊಲಿಯಾಕಿ.
ಒಂದೆಳಿ ಅತ್ತಿತ್ತ ಆದರೂ ಕಣ್ಣಿಗೆ ಚುಚ್ಚತೈತಿ.
ಮೂರನೇ ಕಂಬದ ಹತ್ತರ ಎರಡೂ ಗೆರಿ
ತುಸು ಹೊಳ್ಳಿದ್ದವು.
ಪಾಪ, ಯಾಕ ಹೇಳಬೇಕಂತ ಸುಮ್ಮನಿದ್ದೆ.
ಅವನ ಬೆರಳೇ ಅಲ್ಲಿಗೆ ಹೋತು.

"ಇಲ್ಲೆ ನಾಯಿಮರಿ ಬಂತು."

ಮತ್ತ ನೋಡಿದೆ. ರಸ್ತಾ ಖಾಲಿ.

"ಪಾರಾತು" ಅಂದ,
ತಣ್ಣನ ಚಾ ಒಂದ ಗುಟುಕಿಗೆ ಕುಡದು.
"ದೊಡ್ಡದು ಮಾಡಿಸಿ ಕೊಡು."
ಅಳತಿ ಎಷ್ಟಣ್ಣ ಅಂದೆ.
ಗ್ವಾಡಿಗೆ ಎರಡೂ ಕೈ ಚಾಚಿ ನಿಂತ,
ಸ್ಟೇರಿಂಗ ಹಿಡದಷ್ಟು ಅಗಲ.